ಗವಿ ಗಂಗಾಧರೇಶ್ವರನ ಗುಡಿಗೆ ಹೋಗುವವರಿಗೆ

“ಬಗ್ಗಿ, ಇನ್ನೂ ಸ್ವಲ್ಪ ಬಗ್ಗಿ, ತಲೆ ಜೋಪಾನ.” ಬೆಂಗಳೂರಿನ ಗವಿಪುರದ ಗುಡಿಯಲ್ಲಿ ಗರ್ಭಗುಡಿಯ ಹಿಂದಿನ ಕಿರುದಾರಿಗೆ ಹೊಕ್ಕವರು ತಮ್ಮ ಬೆನ್ನಿಗೆ ಬರುವವರಿಗೆ ಹೇಳುತ್ತಾ ಹೋಗುವ ಮಾತು ಇದು. ಮುಂದಿನವರು ಯಾರೋ, ಹಿಂದಿನವರು ಯಾರೋ. ಆದರೂ ಮುಂದಿನವರು ಹೇಳಿದ್ದನ್ನು ನೀವು ಕೇಳಿಸಿಕೊಂಡು ಬಗ್ಗುತ್ತೀರಿ, ಅದನ್ನೇ ಹಿಂದಿನವರಿಗೆ ದಾಟಿಸುತ್ತೀರಿ. ಬಂಡೆಯ ಸೂರು ಬೆನ್ನಿಗೆ ತಾಗುವಷ್ಟು ಹತ್ತಿರ ಇರುತ್ತದೆ. ಕೈಯಿಟ್ಟ ಕಡೆ ಕಲ್ಲು ತಣ್ಣಗೆ, ನೂರಾರು ವರ್ಷ ಅಂಗೈ ತಾಗಿ ನುಣುಪಾಗಿರುತ್ತದೆ. ಹೊರಗೆ ಆಟೊಗಳ ಹಾರ್ನು, ಒಳಗೆ ಯಾರದೋ ಉಸಿರು, ಯಾರದೋ ಪಂಚಾಕ್ಷರಿ.

ಈ ಗುಡಿಯನ್ನು ಬಹಳಷ್ಟು ಜನ ವರ್ಷಕ್ಕೊಂದು ಸಂಜೆ ಟಿ.ವಿ.ಯಲ್ಲಿ ನೋಡುತ್ತಾರೆ. ಮಕರ ಸಂಕ್ರಾಂತಿಯಂದು ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವ ಆ ಕೆಲವು ನಿಮಿಷಗಳನ್ನು ವಾಹಿನಿಗಳು ನೇರಪ್ರಸಾರ ಮಾಡುತ್ತವೆ. ಹಾಗಾಗಿ ಗವಿಪುರ ಎಂದರೆ ಸಂಕ್ರಾಂತಿ ಎಂದೇ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನನಗೆ ಹೇಳಬೇಕಿರುವುದು ಬೇರೆ: ಗುಡಿಯನ್ನು ನೋಡಬೇಕೆಂದಿದ್ದರೆ ಸಂಕ್ರಾಂತಿಯನ್ನು ಬಿಟ್ಟು ಹೋಗಿ. ಆ ಬಿಸಿಲನ್ನೇ ನೋಡಬೇಕೆಂದಿದ್ದರೂ ಅದಕ್ಕೆ ಇನ್ನೊಂದು ಹೊತ್ತಿದೆ.

ಮೊದಲ ಸಲ ನಾನು ಹೋದದ್ದು ಸಂಕ್ರಾಂತಿಯಂದೇ. ಮಧ್ಯಾಹ್ನ ಎರಡಕ್ಕೆಲ್ಲ ಹೋಗಿ ಸಾಲಿನಲ್ಲಿ ನಿಂತಿದ್ದೆ, ಜೊತೆಗೆ ಎಪ್ಪತ್ತು ದಾಟಿದ ಅತ್ತೆ. ಐದರ ಹೊತ್ತಿಗೆ ಹಿಂದಿನಿಂದ ಒತ್ತು ಹೆಚ್ಚಾಗಿ ಅತ್ತೆಯನ್ನು ಕಟಕಟೆಯ ಬದಿಗೆ ನಿಲ್ಲಿಸಿ ನನ್ನ ಎರಡು ಕೈಯನ್ನೂ ಅಡ್ಡ ಹಿಡಿಯಬೇಕಾಯಿತು. ಒಳಗೆ ಗಂಟೆ ಬಾರಿಸಿತು, ಜನ “ಹರ ಹರ ಮಹಾದೇವ” ಎಂದರು, ಬೆಳಕು ಬಂದು ಹೋಯಿತು. ನಾವು ಕಂಡದ್ದು ಹೊರಗೆ ಕಟ್ಟಿದ್ದ ಪರದೆಯ ಮೇಲೆ. ಅತ್ತೆ ಮನೆಗೆ ಬಂದ ಮೇಲೆ, “ಲಿಂಗವನ್ನು ಕಣ್ಣಾರೆ ನೋಡಲೇ ಇಲ್ಲವಲ್ಲೋ” ಎಂದು ಎರಡು ದಿನ ಕೊರಗಿದರು. ಆಮೇಲೆ ಒಂದು ಬುಧವಾರ ಬೆಳಿಗ್ಗೆ ಕರೆದುಕೊಂಡು ಹೋದೆ. ಗುಡಿಯಲ್ಲಿ ಹತ್ತು ಜನವೂ ಇರಲಿಲ್ಲ. ಅರ್ಚಕರು ಆರತಿಯನ್ನು ಲಿಂಗದ ಬಳಿ ಒಂದು ಗಳಿಗೆ ಹೆಚ್ಚೇ ಹಿಡಿದರು. ಅತ್ತೆಗೆ ಅಷ್ಟೇ ಬೇಕಿದ್ದದ್ದು.

ಈಗ ಆ ಇನ್ನೊಂದು ಹೊತ್ತಿನ ಮಾತು. ಸೂರ್ಯ ಡಿಸೆಂಬರ್ 21ರ ಆಸುಪಾಸಿನವರೆಗೆ ದಕ್ಷಿಣಕ್ಕೆ ಸರಿಯುತ್ತಾ ಹೋಗಿ, ಅಲ್ಲಿಂದ ಉತ್ತರಕ್ಕೆ ಹೊರಳುತ್ತಾನೆ. ಹೋದ ದಾರಿಯಲ್ಲೇ ಮರಳಿ ಬರುವುದರಿಂದ, ಸಂಕ್ರಾಂತಿಯ ಸಂಜೆ ಯಾವ ಕೋನದಲ್ಲಿ ಇಳಿಯುತ್ತಾನೋ ಅದೇ ಕೋನದಲ್ಲಿ ಅದಕ್ಕೂ ಮುಂಚೆ ಒಮ್ಮೆ ಇಳಿದಿರಲೇಬೇಕು. ಡಿಸೆಂಬರ್ 21ಕ್ಕೆ 23 ದಿನ ಕೂಡಿಸಿದರೆ ಸಂಕ್ರಾಂತಿಯ ಹತ್ತಿರ ಬರುತ್ತೇವೆ, 23 ದಿನ ಕಳೆದರೆ ನವೆಂಬರ್ 28. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದಲ್ಲಿದ್ದ, ಕನ್ನಡದಲ್ಲಿ ಖಗೋಳದ ಬಗ್ಗೆ ಸೊಗಸಾಗಿ ಬರೆಯುವ ಬಿ.ಎಸ್. ಶೈಲಜಾ ಮತ್ತು ಅವರ ಸಂಗಡಿಗರು ಈ ಗುಡಿಯಲ್ಲಿ ಅಳತೆ ಮಾಡಿ ನೋಡಿ 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅವರು ಕಂಡುಕೊಂಡದ್ದೂ ಇದನ್ನೇ: ಜನವರಿ 13ರಿಂದ 16ರವರೆಗೆ ಒಮ್ಮೆ, ನವೆಂಬರ್ 26ರಿಂದ ಡಿಸೆಂಬರ್ 2ರವರೆಗೆ ಇನ್ನೊಮ್ಮೆ ಇಳಿಹೊತ್ತಿನ ಬಿಸಿಲು ಗವಿಯ ಒಳಕ್ಕೆ ಹೋಗುತ್ತದೆ.

ಎಂದರೆ, ಒಂದು ಸಂಜೆಗೆ ಇಡೀ ಊರು ಮುಗಿಬೀಳುವ ನೋಟಕ್ಕೆ ವರ್ಷದಲ್ಲಿ ಹತ್ತು ಹನ್ನೊಂದು ಸಂಜೆಗಳಿವೆ. ನವೆಂಬರ್ ಕೊನೆಯ ವಾರದಲ್ಲಿ ಹೋಗಬೇಕೆಂದರೆ ಒಂದು ಎಚ್ಚರಿಕೆ ಬೇಕು. ಸಂಕ್ರಾಂತಿಯಂದು ಕಿರಣ ಬರುವುದು ಸಂಜೆ 5ರಿಂದ 5.30ರ ನಡುವೆ. ನವೆಂಬರಿನಲ್ಲಿ ಸೂರ್ಯ ಗಡಿಯಾರಕ್ಕಿಂತ ಮುಂದಿರುತ್ತಾನೆ, ಜನವರಿಯಲ್ಲಿ ಹಿಂದಿರುತ್ತಾನೆ. ಹಾಗಾಗಿ ಅದೇ ಬಿಸಿಲು ನವೆಂಬರಿನಲ್ಲಿ ಗಡಿಯಾರದ ಪ್ರಕಾರ ಸುಮಾರು 20 ನಿಮಿಷ ಮೊದಲೇ ಬರುತ್ತದೆ. ಮಧ್ಯಾಹ್ನ ಗುಡಿಯ ಬಾಗಿಲು ಮುಚ್ಚಿರುತ್ತದೆ, ಸಂಜೆ ಮತ್ತೆ ತೆಗೆಯುತ್ತಾರೆ. ಬಾಗಿಲು ತೆಗೆಯುವ ಹೊತ್ತಿಗೆ ಬಿಸಿಲು ಬಂದು ಹೋಗಿರಲೂಬಹುದು. ಹಿಂದಿನ ದಿನವೇ ಹೋಗಿ ಅರ್ಚಕರನ್ನು ವಿಚಾರಿಸಿ ಬನ್ನಿ. ಕಾರ್ತಿಕದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆ ಕೆಲವು ವರ್ಷ ಇದೇ ದಿನಗಳ ಆಸುಪಾಸಿಗೆ ಬೀಳುತ್ತದೆ. ಪರಿಷೆ ನಡೆಯುವ ದೊಡ್ಡಬಸವಣ್ಣನ ಗುಡಿ ಇಲ್ಲಿಗೆ ದೂರವೇನಲ್ಲ. ಎರಡನ್ನೂ ಸೇರಿಸಿಕೊಂಡರೆ ಬಸವನಗುಡಿಯ ಒಂದು ದಿನ ತುಂಬಿ ಹೋಗುತ್ತದೆ. ಆಕಾಶಕ್ಕೆ ಮೋಡ ಕವಿದರೆ ಮಾತ್ರ ಏನೂ ಮಾಡುವಂತಿಲ್ಲ. ಸಂಕ್ರಾಂತಿಯಂದೇ ಮೋಡ ಮುಚ್ಚಿ, ಗಂಟೆಗಟ್ಟಲೆ ಕಾದ ಜನ ಹಾಗೇ ಮರಳಿದ ವರ್ಷಗಳೂ ಇವೆ.

ಸಂಕ್ರಾಂತಿಯೂ ನಿಂತಲ್ಲಿ ನಿಂತ ಹಬ್ಬವಲ್ಲ. ಸುಮಾರು 70 ವರ್ಷಕ್ಕೊಂದು ದಿನದಂತೆ ಅದು ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಮುಂದಕ್ಕೆ ಸರಿಯುತ್ತದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಸಂಕ್ರಾಂತಿಯಂದು, ಆ ವರ್ಷ ಅದು ಜನವರಿ 12ಕ್ಕೆ ಬಂದಿತ್ತು. ಬಿಸಿಲಿನ ದಾರಿ ಕ್ಯಾಲೆಂಡರಿನ ಜೊತೆ ಹೋಗುತ್ತದೆ, ಹಬ್ಬ ನಕ್ಷತ್ರದ ಲೆಕ್ಕದ ಜೊತೆ. ಎರಡೂ ಕೂಡಿಬಂದ ಕಾಲದಲ್ಲಿ ನಾವಿದ್ದೇವೆ. ಇದನ್ನು ತಿಳಿದ ಮೇಲೆ ನನ್ನ ಭಕ್ತಿಯೇನೂ ಕಡಿಮೆಯಾಗಲಿಲ್ಲ, ಕಿರಣ ಒಳಬರುವ ಕಲ್ಲಿನ ಕಿಟಕಿಯನ್ನು ನೋಡುವ ಕಣ್ಣು ಮಾತ್ರ ಇನ್ನಷ್ಟು ಚುರುಕಾಯಿತು.

ಹೋಗುವ ದಾರಿ ಸುಲಭ. ನಮ್ಮ ಮೆಟ್ರೊದ ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜ್ ನಿಲ್ದಾಣದಲ್ಲಿ ಇಳಿದರೆ ಗುಡಿ ಎರಡು ಕಿಲೋಮೀಟರಿನ ಆಸುಪಾಸು. ಆಟೊ ಸಿಗುತ್ತದೆ. ಕಾಲಲ್ಲಿ ಶಕ್ತಿಯಿದ್ದರೆ ಗಾಂಧಿ ಬಜಾರಿನ ಹೂವಿನ ಅಂಗಡಿಗಳ ನಡುವೆ ನಡೆದು, ರಾಮಕೃಷ್ಣ ಆಶ್ರಮದ ವೃತ್ತ ದಾಟಿ ಹೋಗಿ. ಬಿಲ್ವಪತ್ರೆ, ತುಂಬೆ ಹೂವು ದಾರಿಯಲ್ಲೇ ಕೊಂಡುಕೊಳ್ಳಬಹುದು. ಬಸ್ಸಿನಲ್ಲಿ ಬರುವವರು ಹನುಮಂತನಗರದ ಕಡೆಯ ಬಸ್ಸು ಹಿಡಿದು ಗವಿಪುರ ಎಂದು ಕಂಡಕ್ಟರಿಗೆ ಹೇಳಿದರೆ ಸಾಕು. ಕಾರು ಬೇಡ. ಸುತ್ತಲಿನ ಬೀದಿಗಳು ಕಿರಿದು, ಹಬ್ಬದ ದಿನ ಕಾರು ಒಳಗೆ ಹೋದರೆ ಹೊರಗೆ ಬರುವುದು ಕಷ್ಟ. ಮೊಬೈಲ್‌ನಲ್ಲಿ ಹುಡುಕುವಾಗಲೂ ಸ್ವಲ್ಪ ನೋಡಿಕೊಳ್ಳಿ: ಶಿವಗಂಗೆಯ ಬೆಟ್ಟದ ಮೇಲೂ ಗವಿ ಗಂಗಾಧರೇಶ್ವರನೇ ಇದ್ದಾನೆ. ಅಭಿಷೇಕದ ತುಪ್ಪ ಬೆಣ್ಣೆಯಾಗುತ್ತದೆ ಎಂದು ಭಕ್ತರು ಹೇಳುವುದು ಅಲ್ಲಿಯ ಲಿಂಗದ ಬಗ್ಗೆ. ಹೆಸರು ಒಂದೇ ಆದ್ದರಿಂದ ಒಂದರ ಮಾಹಿತಿ ಇನ್ನೊಂದಕ್ಕೆ ಅಂಟಿಕೊಂಡು ತಿರುಗುತ್ತಿರುತ್ತದೆ. ಎರಡು ಗುಡಿಗಳನ್ನೂ ಜನರ ನೆನಪು ಕೂಡಿಸಿದೆ. ಗವಿಪುರದ ಗವಿಯಿಂದ ಶಿವಗಂಗೆಗೆ ಒಂದು ಸುರಂಗ, ಕಾಶಿಗೆ ಇನ್ನೊಂದು ಸುರಂಗ ಇದೆಯೆಂದು ಹಿರಿಯರು ಇಂದಿಗೂ ಹೇಳುತ್ತಾರೆ.

ಗುಡಿಯ ಮುಂದೆ ಬಂದವರು ಚಪ್ಪಲಿ ಬಿಟ್ಟು ನೇರ ಒಳಗೆ ನಡೆದುಬಿಡುತ್ತಾರೆ. ಸ್ವಲ್ಪ ನಿಲ್ಲಿ. ಈ ಗುಡಿಯಲ್ಲಿ ಬೇರೆಲ್ಲೂ ಸಿಗದ ಕೆಲಸ ಇರುವುದು ಅಂಗಳದಲ್ಲೇ. ನಾಲ್ಕು ಕಲ್ಲುಗಳು ಆಕಾಶಕ್ಕೆ ಎದ್ದು ನಿಂತಿವೆ, ಒಂದೊಂದೂ ಏಕಶಿಲೆ. ಒಂದು ತ್ರಿಶೂಲ, ಒಂದು ಡಮರು. ಇನ್ನೆರಡು ಕಂಬಗಳ ತಲೆಯ ಮೇಲೆ ಸುಮಾರು ಎರಡು ಮೀಟರ್ ಅಡ್ಡಗಲದ ದುಂಡು ಕಲ್ಲಿನ ಬಿಲ್ಲೆಗಳು: ಸೂರ್ಯಪಾನ, ಚಂದ್ರಪಾನ. ದೂರದಿಂದ ನೋಡಿದರೆ ಕಂಬದ ಮೇಲೆ ಬೀಸುವ ಕಲ್ಲನ್ನು ನಿಲ್ಲಿಸಿದಂತೆ ಕಾಣುತ್ತದೆ. ಹತ್ತಿರ ಹೋಗಿ ಕತ್ತೆತ್ತಿ, ಎರಡು ಬಿಲ್ಲೆಗಳು ಒಂದನ್ನೊಂದು ನೋಡುವ ಮಗ್ಗುಲನ್ನು ಗಮನಿಸಿ. ಕುಳಿತ ಬಸವ ಕಾಣಿಸುತ್ತಾನೆ. ನಡುಹಗಲ ಬಿಸಿಲಿನಲ್ಲಿ ಆ ಗೆರೆಗಳು ಕಲ್ಲಿನ ಬಣ್ಣದಲ್ಲೇ ಕರಗಿಹೋಗುತ್ತವೆ. ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ, ಬಿಸಿಲು ಓರೆಯಾದಾಗ, ಬಸವನ ಬೆನ್ನಿನ ಉಬ್ಬು ನೆರಳು ಕಟ್ಟಿಕೊಂಡು ಎದ್ದು ಬರುತ್ತದೆ. ಮಕ್ಕಳು ಜೊತೆಗಿದ್ದರೆ ನೀವು ತೋರಿಸಬೇಡಿ, ಅವರೇ ಹುಡುಕಲಿ. ನನ್ನ ಜೊತೆ ಬಂದ ಏಳು ವರ್ಷದ ಹುಡುಗಿ ನನಗಿಂತ ಮೊದಲು ಕಂಡುಹಿಡಿದಳು.

ಒಳಗೆ ಹೋದರೆ ಮುಂದಿನ ಮಂಟಪ, ಕಲ್ಲಿನ ಕಂಬಗಳು, ಲಿಂಗದತ್ತ ಮುಖ ಮಾಡಿದ ನಂದಿ. ನಂದಿಯ ಹಿಂದೆ ನಿಂತು ಒಮ್ಮೆ ತಿರುಗಿ ನೋಡಿ. ನೈಋತ್ಯದ ಕಡೆಯ ಗೋಡೆಯ ತೆರವು, ನಂದಿಯ ಕೊಂಬುಗಳು, ಗವಿಯ ಬಾಯಿ, ಲಿಂಗ. ಕಿರಣ ಹಾಯುವ ಗೆರೆ ಯಾವ ದಿನ ಹೋದರೂ ಹೀಗೆ ಕಣ್ಣಿಗೆ ಸಿಗುತ್ತದೆ. ಅಲ್ಲಿಂದ ಮುಂದೆ ಮನುಷ್ಯರು ಕಟ್ಟಿದ್ದು ಮುಗಿದು ಬಂಡೆ ಶುರುವಾಗುತ್ತದೆ. ಗರ್ಭಗುಡಿಗೆ ಮಾಡು ಕಟ್ಟಿಲ್ಲ, ಗೋಡೆ ಎಬ್ಬಿಸಿಲ್ಲ. ಇದ್ದ ಗವಿಯನ್ನೇ ಗುಡಿ ಮಾಡಿಕೊಂಡಿದ್ದಾರೆ. ಗೌತಮ ಮುನಿ ಇಲ್ಲಿ ತಪಸ್ಸು ಮಾಡಿದರೆಂಬ ನಂಬಿಕೆಯಿಂದ ಇದನ್ನು ಗೌತಮ ಕ್ಷೇತ್ರ ಎಂದೂ ಕರೆಯುತ್ತಾರೆ.

ಪ್ರದಕ್ಷಿಣೆಯ ದಾರಿ ಆ ಬಂಡೆಯೊಳಗೇ ಇದೆ. ಮಂಡಿನೋವು, ಬೆನ್ನುನೋವು ಇರುವವರು, ಇಕ್ಕಟ್ಟಿನಲ್ಲಿ ಉಸಿರು ಕಟ್ಟುವವರು ಸುಮ್ಮನೆ ಹಟ ಮಾಡಬೇಡಿ. ಮುಂದಿನಿಂದ ಕೈಮುಗಿದರೂ ಅದು ದರ್ಶನವೇ. ಹೋಗುವವರು ಕೈಚೀಲವನ್ನು ಎದೆಗೆ ಒತ್ತಿಕೊಳ್ಳಿ, ಬೆನ್ನಿಗೆ ಹಾಕಿಕೊಂಡ ಚೀಲ ಸೂರಿಗೆ ಸಿಕ್ಕಿಕೊಳ್ಳುತ್ತದೆ. ಎತ್ತರದವರು ಬಗ್ಗಿದ್ದು ಸಾಕು ಎಂದು ಅನ್ನಿಸಿದ ಮೇಲೂ ನಾಲ್ಕು ಹೆಜ್ಜೆ ಹಾಗೇ ಹೋಗಬೇಕು. ಪೆಟ್ಟು ಬೀಳುವುದು ಅಲ್ಲೇ. ನೆಲ ಒದ್ದೆಯಿರುತ್ತದೆ, ಅಭಿಷೇಕದ ನೀರು, ಎಣ್ಣೆ ಸೇರಿ ಜಾರುತ್ತದೆ. ಸೀರೆ, ಪಂಚೆ ಉಟ್ಟವರು ಸೆರಗು, ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಒಳ್ಳೆಯದು. ಜನ ಹೆಚ್ಚಿದ್ದ ದಿನ ಒಳಗೆ ಗಾಳಿ ಸಾಲದು. ಸೋಮವಾರ, ಪ್ರದೋಷ, ಶಿವರಾತ್ರಿ, ಕಾರ್ತಿಕದ ಸಂಜೆಗಳಲ್ಲಿ ವಯಸ್ಸಾದವರನ್ನು ಕರೆದೊಯ್ಯಬೇಡಿ. ನನ್ನನ್ನು ಕೇಳಿದರೆ ಮಂಗಳವಾರದಿಂದ ಶುಕ್ರವಾರದವರೆಗಿನ ಯಾವುದಾದರೂ ಬೆಳಿಗ್ಗೆ, ಏಳೂವರೆಯಿಂದ ಒಂಬತ್ತರ ನಡುವೆ ಹೋಗಿ ಎನ್ನುತ್ತೇನೆ.

ಒಳಗಿನ ಅಗ್ನಿಯ ಮೂರ್ತಿಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ನಮ್ಮ ಗುಡಿಗಳಲ್ಲಿ ಅಗ್ನಿ ಸಾಮಾನ್ಯವಾಗಿ ದಿಕ್ಪಾಲಕರಲ್ಲಿ ಒಬ್ಬನಾಗಿ, ಟಗರಿನ ಮೇಲೆ ಕೂತು, ಮಂಟಪದ ಒಳಮಾಡಿನ ಆಗ್ನೇಯ ಮೂಲೆಯಲ್ಲಿರುತ್ತಾನೆ. ಅವನಿಗೇ ಪೂಜೆ ಸಲ್ಲುವ ಬಿಡಿ ಮೂರ್ತಿ ಅಪರೂಪ. ಇಲ್ಲಿರುವವನಿಗೆ ಎರಡು ತಲೆ, ಏಳು ಕೈ, ಮೂರು ಕಾಲು. ಇದು ಶಿಲ್ಪಿ ತನ್ನಷ್ಟಕ್ಕೆ ಊಹಿಸಿದ್ದಲ್ಲ. ನಾಲ್ಕು ಕೊಂಬು, ಮೂರು ಪಾದ, ಎರಡು ಶಿರ, ಏಳು ಹಸ್ತಗಳ ದೇವತೆಯನ್ನು ವರ್ಣಿಸುವ ಮಂತ್ರ ಋಗ್ವೇದದಲ್ಲಿದೆ. ಆ ಎಣಿಕೆಯೇ ಕಲ್ಲಿಗೆ ಇಳಿದಿದೆ. ಗವಿಯ ಮಬ್ಬಿನಲ್ಲಿ ಮೊದಲಿಗೆ ಏನೂ ತಿಳಿಯುವುದಿಲ್ಲ, ಎಣ್ಣೆ ಕುಡಿದ ಕಪ್ಪು ಆಕೃತಿ ಅಷ್ಟೆ. ಅರ್ಚಕರು ದೀಪವನ್ನು ಎಡದಿಂದ ಬಲಕ್ಕೆ ಸರಿಸಿದಾಗ ಒಂದು ಮುಖ ಕಂಡು, ಅದು ನೆರಳಿಗೆ ಹೋಗುವಾಗ ಇನ್ನೊಂದು ಮುಖ ಕಾಣುತ್ತದೆ. ಕೈಗಳನ್ನು ಎಣಿಸಲು ನನಗೆ ಮೂರು ಭೇಟಿ ಬೇಕಾಯಿತು. ಕಣ್ಣಿನ ತೊಂದರೆ ಇರುವವರು ಇಲ್ಲಿ ಹರಕೆ ಹೊರುತ್ತಾರೆ. ಕಪ್ಪು ಕನ್ನಡಕ ಹಾಕಿದ್ದ ಒಬ್ಬ ಹೆಂಗಸು ಕನ್ನಡಕ ತೆಗೆದು ಎರಡು ನಿಮಿಷ ಆ ದೀಪವನ್ನೇ ನೋಡುತ್ತ ನಿಂತದ್ದನ್ನು ನೋಡಿದ್ದೇನೆ. ಹರಕೆ ಹೊತ್ತುಕೊಳ್ಳಿ, ಕಣ್ಣಿನ ವೈದ್ಯರ ಬಳಿಗೂ ಹೋಗಿ.

ಗವಿಯೊಳಗೆ ಫೋಟೊ ತೆಗೆಯಬೇಡಿ. ಹೊರಗಿನ ಅಂಗಳದ ಕಲ್ಲುಗಳ ಫೋಟೊವನ್ನೂ ಕೇಳಿಕೊಂಡೇ ತೆಗೆಯುವುದು ಮರ್ಯಾದೆ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಕೆಳಗೆ ಸಂರಕ್ಷಿತವಾದ ಗುಡಿ ಇದು. ಕಂಬಕ್ಕೆ ಕುಂಕುಮ ಒರೆಸುವುದು, ಕಲ್ಲಿನ ಮೇಲೆ ಕರ್ಪೂರ ಹಚ್ಚುವುದು, ಮೂಲೆಯಲ್ಲಿ ತುಪ್ಪದ ದೀಪದ ಬಟ್ಟಲು ಬಿಟ್ಟು ಬರುವುದು ಭಕ್ತಿಯಿಂದಲೇ ನಡೆಯುತ್ತದೆ ಎಂದು ಗೊತ್ತು. ಆದರೆ ಎಣ್ಣೆಯ ಜಿಡ್ಡು, ಹೊಗೆಯ ಮಸಿ ಒಮ್ಮೆ ಕಲ್ಲಿಗೆ ಕೂತರೆ ಉಜ್ಜಿ ತೆಗೆಯುವಾಗ ಕೆತ್ತನೆಯೂ ಸವೆಯುತ್ತದೆ. ಹೂವು, ಪತ್ರೆ, ದೀಪ ಎಲ್ಲವನ್ನೂ ಅರ್ಚಕರ ಕೈಗೇ ಕೊಡಿ.

ಈ ಗುಡಿಯ ಕಾಲ ಇಂಥದ್ದು ಎಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಗವಿ ಎಲ್ಲಕ್ಕಿಂತ ಹಳೆಯದು. ಈಗ ಕಾಣುವ ಮಂಟಪದ ಕಲ್ಲುಗೆಲಸವನ್ನು ಬೆಂಗಳೂರು ಕಟ್ಟಿದ ಕೆಂಪೇಗೌಡರೊಂದಿಗೆ, ಎಂದರೆ 16ನೆಯ ಶತಮಾನದೊಂದಿಗೆ ಸೇರಿಸುತ್ತಾರೆ. ಕೆಂಪೇಗೌಡರು ತಮ್ಮದೇ ನಾಣ್ಯ ಹೊರಡಿಸಿ ವಿಜಯನಗರದ ರಾಮರಾಯನ ಕೋಪಕ್ಕೆ ಗುರಿಯಾಗಿ ಆನೆಗೊಂದಿಯಲ್ಲಿ ಸೆರೆಯಲ್ಲಿದ್ದು, ಬಿಡುಗಡೆಯಾಗಿ ಬಂದ ಮೇಲೆ ಹರಕೆಯಂತೆ ಈ ಗುಡಿಯನ್ನು ಕಟ್ಟಿಸಿದರೆಂಬ ಐತಿಹ್ಯವಿದೆ. ಆಮೇಲೆಯೂ ಗುಡಿ ಬದಲಾಗುತ್ತಲೇ ಬಂದಿದೆ. 1792ರಲ್ಲಿ ಥಾಮಸ್ ಡೇನಿಯಲ್ ಮತ್ತು ಅವನ ಸೋದರನ ಮಗ ವಿಲಿಯಂ ಡೇನಿಯಲ್ ಎಂಬ ಇಂಗ್ಲಿಷ್ ಚಿತ್ರಕಾರರು ಬೆಂಗಳೂರಿಗೆ ಬಂದು ಈ ಗುಡಿಯ ಚಿತ್ರ ಬರೆದರು. ಆ ಚಿತ್ರದಲ್ಲಿ ಇಂದಿನಷ್ಟು ಕಟ್ಟಡಗಳಿಲ್ಲ. ಬಿಸಿಲಿನ ದಾರಿ ಅಳೆದ ಶೈಲಜಾ ಅವರ ತಂಡ ಈ ಚಿತ್ರಗಳನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿತು. ಹೊಸ ಗೋಡೆ ಎದ್ದರೆ ಬಿಸಿಲು ಒಳಗೆ ಹೋಗುವ ದಿನವೂ ಬದಲಾಗುತ್ತದಲ್ಲವೇ? ಈಗ ಸುತ್ತ ಏಳುತ್ತಿರುವ ಮಹಡಿಗಳನ್ನು ನೋಡುವಾಗಲೆಲ್ಲ ನನಗೆ ಈ ಚಿಂತೆ ಬರುತ್ತದೆ. ಪಶ್ಚಿಮ ದಿಕ್ಕಿಗೆ ಎತ್ತರದ ಕಟ್ಟಡವೊಂದು ಅಡ್ಡ ನಿಂತರೆ ಅದನ್ನು ಯಾವ ನವೀಕರಣವೂ ಸರಿಪಡಿಸಲಾರದು. ಗುಡಿಯನ್ನು ಕಾಪಾಡುವುದೆಂದರೆ ಅದರ ಮುಂದಿನ ಆಕಾಶವನ್ನೂ ಕಾಪಾಡುವುದು.

ದರ್ಶನಕ್ಕೆ ಒಂದು ಗಂಟೆ ಸಾಕು. ಉಳಿದ ಹೊತ್ತನ್ನು ಗವಿಪುರದಲ್ಲೇ ಕಳೆಯಿರಿ. ಸಮೀಪದ ಬಂಡೆ ಮಹಾಕಾಳಿ ಗುಡಿಗೆ ಊರಿನ ಜನ ಹೊಸ ಗಾಡಿ ಕೊಂಡರೆ, ಮಕ್ಕಳು ಬೆಚ್ಚಿಬಿದ್ದರೆ ಹೋಗುತ್ತಾರೆ. ಹರಿಹರೇಶ್ವರನ ಗುಡ್ಡದ ಮೇಲೆ ಕಲ್ಲಿನ ಛತ್ರಿಯಿದೆ. ಗಂಗಾಧರೇಶ್ವರನ ಅಂಗಳದ ಕಲ್ಲುಗಳನ್ನು ನೋಡಿದ ಕಣ್ಣಿಗೆ ಅದು ಅದೇ ಬಳಗದ್ದು ಎನ್ನಿಸುತ್ತದೆ. ಇಳಿಜಾರಿನ ಆಚೆ ಕೆಂಪಾಂಬುಧಿ ಕೆರೆ, ಕೆಂಪೇಗೌಡರ ಕಾಲದ್ದು. ಊರಿನ ನಾಲ್ಕು ದಿಕ್ಕಿಗೆ ನಿಲ್ಲಿಸಿದ ಗಡಿಗೋಪುರಗಳಲ್ಲಿ ಒಂದು ಈ ಕೆರೆಯ ಬಳಿಯಿದೆ, ಉಳಿದವು ಲಾಲ್‌ಬಾಗ್, ಹಲಸೂರು ಮತ್ತು ಮೇಖ್ರಿ ವೃತ್ತದ ಬಳಿ. ಬೆಂಗಳೂರು ಇಲ್ಲಿಗೆ ಮುಗಿಯುತ್ತದೆ ಎಂದು ಒಂದು ಕಾಲದಲ್ಲಿ ಜನ ಅಂದುಕೊಂಡಿದ್ದ ಗಡಿ ಅದು. ಇವತ್ತು ಅದರ ಆಚೆಗೂ ಗಂಟೆಗಟ್ಟಲೆ ಊರೇ.

ಹೊಟ್ಟೆ ಹಸಿದಿದ್ದರೆ ಗಾಂಧಿ ಬಜಾರಿಗೆ ಮರಳಿ. 1943ರಿಂದ ದೋಸೆ ಹುಯ್ಯುತ್ತಿರುವ ವಿದ್ಯಾರ್ಥಿ ಭವನ ಅಲ್ಲೇ ಇದೆ, ಶುಕ್ರವಾರ ರಜೆ. ನಾನು ಮಾತ್ರ ಹೊರಡುವ ಮುಂಚೆ ಇನ್ನೊಂದು ಸಲ ಅಂಗಳದಲ್ಲಿ ನಿಲ್ಲುತ್ತೇನೆ. ಕಳೆದ ನವೆಂಬರಿನ ಕೊನೆಯ ವಾರ ಸಂಜೆ ನಾಲ್ಕೂವರೆಗೆ ಹೋಗಿದ್ದೆ. ಹೂವು ಮಾರುವ ಅಜ್ಜಿ, ಶಾಲೆ ಬಿಟ್ಟು ಬಂದ ಇಬ್ಬರು ಹುಡುಗರು, ನಾನು. ಸೂರ್ಯಪಾನದ ನೆರಳು ಅಂಗಳದ ಕಲ್ಲಿನ ಮೇಲೆ ದುಂಡಗೆ ಬಿದ್ದು ಮೆಲ್ಲಗೆ ಗುಡಿಯ ಕಡೆಗೆ ಉದ್ದವಾಗುತ್ತಿತ್ತು. ಹುಡುಗರಲ್ಲಿ ಒಬ್ಬ ಆ ನೆರಳಿನ ಅಂಚಿಗೆ ಒಂದು ಚಿಕ್ಕ ಕಲ್ಲು ಇಟ್ಟ. ಐದು ನಿಮಿಷ ಬಿಟ್ಟು ನೋಡಿದಾಗ ನೆರಳು ಕಲ್ಲನ್ನು ದಾಟಿ ಅಂಗೈ ಅಗಲ ಮುಂದೆ ಹೋಗಿತ್ತು. ಅವನು ಇನ್ನೊಂದು ಕಲ್ಲು ಹುಡುಕಲು ಹೋದ.